ಗ್ಯಾದರಿಂಗ್ ನಾಟಕ ಸಾಕು, ತಾಲೀಮು ಬೇಕು

ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ನಾಟಕದಲ್ಲಿ ನನಗೆ ದ್ವಾರಪಾಲಕನ ಪಾತ್ರ ಸಿಕ್ಕಿತ್ತು. ಬಿದಿರುಕೋಲಿಗೆ ಬೆಳ್ಳಿ ಕಾಗದ ಸುತ್ತಿ ಭರ್ಚಿ ಮಾಡಿದ್ದರು. ಅದನ್ನು ಹಿಡಿದು ನಲವತ್ತು ನಿಮಿಷ ನಿಲ್ಲಬೇಕು, ಅಷ್ಟೇ ಕೆಲಸ. ಮೀಸೆಗೆ ಹಚ್ಚಿದ ಅಂಟು ತುರಿಸುತ್ತಿತ್ತು, ಲೈಟಿಗೆ ಬಂದ ಹುಳ ಕಿವಿಯ ಹತ್ತಿರ ಗುಂಯ್ ಅನ್ನುತ್ತಿತ್ತು, ಅಲ್ಲಾಡಿದರೆ ಮಾಸ್ತರು ಪರದೆ ಹಿಂದಿನಿಂದ ಕಣ್ಣು ಬಿಡುತ್ತಿದ್ದರು. ರಾಜನ ಪಾತ್ರ ಊರಿನ ದೊಡ್ಡವರೊಬ್ಬರ ಮಗನಿಗೆ. ಡೈಲಾಗೆಲ್ಲ ಅವನದೇ. ಮರುದಿನ ಎಲ್ಲರೂ ನಾಟಕ ಭಾಳ ಚಲೋ ಆಯ್ತು ಅಂದರು. ನಾನು ಕಲಿತದ್ದು ಮಾತ್ರ ಒಂದೇ, ತುರಿಕೆ ತಡೆದುಕೊಳ್ಳೋದು.

ಈಗ ನಾನೇ ಗಂಗಾವತಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮಾಸ್ತರು. ಮಕ್ಕಳಿಗೆ ನಾಟಕ ಕಲಿಸಬೇಕು, ಅದರಿಂದ ಬಹಳ ಲಾಭ ಇದೆ ಅನ್ನುವ ಮಾತು ಈಚೆಗೆ ಎಲ್ಲ ಕಡೆ ಕೇಳಿಬರುತ್ತಿದೆ. ಬೇಸಿಗೆ ಶಿಬಿರದ ಪಾಂಪ್ಲೆಟ್ಟು, ಖಾಸಗಿ ಶಾಲೆಯ ಜಾಹೀರಾತು, ಸರ್ಕಾರದ ಸುತ್ತೋಲೆ, ಎಲ್ಲದರಲ್ಲೂ ಅದೇ. ಮಾತು ಸುಳ್ಳಲ್ಲ. ಆದರೆ ಯಾವ ನಾಟಕ, ಎಂಥ ಲಾಭ ಅಂತ ಬಿಡಿಸಿ ಹೇಳುವವರು ಕಡಿಮೆ. ನನಗೆ ಅನ್ನಿಸೋದು ಇಷ್ಟು: ನಾಟಕದಿಂದ ಮಕ್ಕಳಿಗೆ ಸಿಗುವುದೆಲ್ಲ ಸಿಗೋದು ತಾಲೀಮಿನಲ್ಲಿ. ನಮ್ಮ ಶಾಲೆಗಳು ದುಡ್ಡು ಸುರಿಯೋದು ಮಾತ್ರ ಪ್ರದರ್ಶನದ ಮೇಲೆ.

ಡಿಸೆಂಬರ್‌ನಿಂದ ಫೆಬ್ರುವರಿ ತನಕ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಯಾವ ಊರಿಗೆ ಹೋದರೂ ಗ್ಯಾದರಿಂಗ್ ಹಂಗಾಮು. ಶಾಮಿಯಾನ, ಸೌಂಡ್ ಸಿಸ್ಟಮ್, ಬಾಡಿಗೆ ಡ್ರೆಸ್ಸು. ಹೊರಗಿನಿಂದ ಡ್ಯಾನ್ಸ್ ಮಾಸ್ತರ್ ಬರುತ್ತಾರೆ, ಹದಿನೈದು ದಿನ ಸಿನಿಮಾ ಹಾಡಿಗೆ ಕುಣಿಸುತ್ತಾರೆ, ಮಗುವಿಗಿಷ್ಟು ಅಂತ ಫೀಸು ಎಣಿಸಿಕೊಂಡು ಹೋಗುತ್ತಾರೆ. ನಾಟಕ ಇದ್ದರೂ ಅದು ರೆಕಾರ್ಡ್ ಮಾಡಿದ ಡೈಲಾಗು. ಮಕ್ಕಳು ಬರೀ ಬಾಯಿ ಆಡಿಸೋದು. ತಪ್ಪಾಗಬಾರದಲ್ಲ, ಎದುರಿಗೆ ಬಿ.ಇ.ಓ., ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಸಾಹೇಬರು ಕೂತಿರುತ್ತಾರೆ! ತಪ್ಪು ಮಾಡುವ ಅವಕಾಶವನ್ನೇ ತೆಗೆದುಹಾಕಿದ ಮೇಲೆ ಮಗು ಅಲ್ಲಿ ಏನು ಕಲಿಯಬೇಕು?

ನಾಟಕ ಮಾಡಿಸಿದರೆ ಮಕ್ಕಳ ಬುದ್ಧಿಮಟ್ಟ ಏರುತ್ತದೆ, ಗಣಿತದಲ್ಲಿ ಮಾರ್ಕ್ಸ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನದಿಂದ ನೋಡಿ. ಕೆನಡಾದ ಗ್ಲೆನ್ ಶೆಲೆನ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞರು 2004ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರು ವರ್ಷದ 144 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದ್ದರು. ಒಂದಕ್ಕೆ ಕೀಬೋರ್ಡು, ಒಂದಕ್ಕೆ ಹಾಡುಗಾರಿಕೆ, ಒಂದಕ್ಕೆ ನಾಟಕ, ಇನ್ನೊಂದಕ್ಕೆ ಏನೂ ಇಲ್ಲ. ವರ್ಷದ ಪಾಠ ಮುಗಿದ ಮೇಲೆ ನೋಡಿದರೆ ಐಕ್ಯೂ ಸ್ವಲ್ಪ ಜಾಸ್ತಿ ಏರಿದ್ದು ಸಂಗೀತ ಕಲಿತವರಲ್ಲಿ. ಅದರಲ್ಲಿ ನಾಟಕದವರೂ ಏನೂ ಕಲಿಯದವರೂ ಒಂದೇ. ಆದರೆ ನಾಲ್ಕು ಜನರ ಜೊತೆ ಹೊಂದಿಕೊಂಡು ಬದುಕುವ ನಡವಳಿಕೆ ಇದೆಯಲ್ಲ, ಅದು ಸುಧಾರಿಸಿದ್ದು ನಾಟಕದ ಗುಂಪಿನಲ್ಲಿ. ಸಂಗೀತದವರಲ್ಲಿ ಅದು ಕಾಣಲಿಲ್ಲ.

ನನಗೆ ಈ ಫಲಿತಾಂಶ ಬಹಳ ಇಷ್ಟ. ಯಾಕೆಂದರೆ ಇದು ನಾಟಕಕ್ಕೆ ಅದರದೇ ಜಾಗ ತೋರಿಸುತ್ತದೆ.

ಓದು-ಬರಹದ ವಿಷಯಕ್ಕೆ ಬಂದರೆ ಸಂಶೋಧಕಿ ಆನ್ ಪೊಡ್ಲೋಜ್ನಿ 2000ದಲ್ಲಿ ಮಾಡಿದ ಕೆಲಸ ನೋಡಬೇಕು. ತರಗತಿಯಲ್ಲಿ ನಾಟಕ ಬಳಸಿದ 80 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಕಥೆಯನ್ನು ಸುಮ್ನೆ ಓದಿ ಚರ್ಚೆ ಮಾಡಿದ ಮಕ್ಕಳಿಗಿಂತ ಅದನ್ನು ಆಡಿ ನೋಡಿದ ಮಕ್ಕಳಿಗೆ ಕಥೆ ಚೆನ್ನಾಗಿ ಅರ್ಥವಾಗಿತ್ತು. ಮಾತಿನ ಶಕ್ತಿಯೂ ಬೆಳೆದಿತ್ತು. ಇನ್ನೂ ಮುಖ್ಯ ಅಂದರೆ, ಆಡದೇ ಇದ್ದ ಹೊಸ ಕಥೆಯನ್ನು ಕೊಟ್ಟಾಗಲೂ ಅದರ ಗುಣ ಕಂಡಿತು. ಶಬ್ದ ಸಂಪತ್ತಿನ ಮೇಲೆ ಮಾತ್ರ ಅಂಥ ದೊಡ್ಡ ಪರಿಣಾಮ ಇರಲಿಲ್ಲ. 12 ದೇಶಗಳಲ್ಲಿ 13ರಿಂದ 16 ವರ್ಷದ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿದ ಯುರೋಪಿನ ಡೈಸ್ ಅಧ್ಯಯನ 2010ರಲ್ಲಿ ಬಂತು. ನಾಟಕದ ಮಕ್ಕಳಿಗೆ ಓದೋದರಲ್ಲಿ, ಮಾತಾಡೋದರಲ್ಲಿ ಧೈರ್ಯ ಜಾಸ್ತಿ ಅಂತ ಅದು ಹೇಳಿತು. ಅದರಲ್ಲಿ ಬಹಳಷ್ಟು ಮಕ್ಕಳು ತಮ್ಮ ಬಗ್ಗೆ ತಾವೇ ಹೇಳಿಕೊಂಡಿದ್ದು, ಹಾಗಾಗಿ ಸ್ವಲ್ಪ ಹಿಡಿದು ಓದಬೇಕು. ತಾಲಿಯಾ ಗೋಲ್ಡ್‌ಸ್ಟೀನ್ ಮತ್ತು ಎಲೆನ್ ವಿನ್ನರ್ 2012ರಲ್ಲಿ ಪ್ರಕಟಿಸಿದ ಕೆಲಸ ಇನ್ನೊಂದು. ಒಂದು ವರ್ಷ ಅಭಿನಯ ಕಲಿತ ಮಕ್ಕಳನ್ನು ಬೇರೆ ಕಲೆ ಕಲಿತ ಮಕ್ಕಳ ಜೊತೆ ಹೋಲಿಸಿ, ಇನ್ನೊಬ್ಬರ ನೋವಿಗೆ ಮಿಡಿಯುವ ಗುಣ ಅಭಿನಯದವರಲ್ಲಿ ಹೆಚ್ಚಿತು ಅಂತ ಅವರು ತೋರಿಸಿದರು.

ಒಟ್ಟಿಗೆ ನೋಡಿ. ಬಾಯಿ ತೆರೆಯೋದು, ಕಥೆ ಒಳಗೆ ಇಳಿಯೋದು, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡೋದು. ಮೂರಕ್ಕೂ ಆಧಾರ ಇದೆ. ಗಣಿತಕ್ಕೆ ಬೇರೆ ದಾರಿ ಹುಡುಕಿಕೊಳ್ಳಬೇಕು.

ಈ ಮೂರರಲ್ಲಿ ಮೊದಲನೆಯದು ನಮ್ಮ ಭಾಗಕ್ಕೆ ಬೇಕಾದಷ್ಟು ಬೇರೆ ಕಡೆ ಬೇಕಿಲ್ಲವೇನೋ. ನನ್ನ ಒಂದೇ ಕ್ಲಾಸಿನಲ್ಲಿ ಮನೆಯಲ್ಲಿ ತೆಲುಗು ಮಾತಾಡುವವರಿದ್ದಾರೆ, ಉರ್ದು ಮಾತಾಡುವವರಿದ್ದಾರೆ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ. ಕನ್ನಡದ ಮಕ್ಕಳ ಕನ್ನಡವೂ ಪುಸ್ತಕದ ಕನ್ನಡ ಅಲ್ಲ. 'ಹೋಗಾಕತ್ತೇನಿ' ಅನ್ನುವ ಹುಡುಗ 'ಹೋಗುತ್ತಿದ್ದೇನೆ' ಅಂತ ಬರೆಯಬೇಕು, ಬರೆಯೋಕೆ ಮುಂಚೆ ಹೆದರಬೇಕು. ಎದ್ದು ನಿಂತು ಉತ್ತರ ಹೇಳು ಅಂದರೆ ಉತ್ತರ ಗೊತ್ತಿದ್ದವರೂ ನೆಲ ನೋಡುತ್ತಾರೆ. ನಡುವೆ ಕೆಲವರ ಮನೆಯವರು ಗುಳೆ ಹೋಗುತ್ತಾರೆ, ಎರಡು ತಿಂಗಳು ಬಿಟ್ಟು ಮಗು ವಾಪಸ್ ಬಂದಾಗ ಅದು ಇನ್ನೂ ಮೌನ. ಇಂಥ ಮಗುವಿಗೆ ಪಾತ್ರ ಅನ್ನೋದು ಒಂದು ಮರೆ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅಜ್ಜಿ ಆಗು ಅಂದರೆ ಅಜ್ಜಿಯ ಭಾಷೆಯಲ್ಲೇ ಮಾತಾಡಬಹುದು. ತಪ್ಪಾದರೆ ತಪ್ಪು ಅಜ್ಜಿಯದು, ತನ್ನದಲ್ಲ. ಅದೇ ಮಗು ಆಮೇಲೆ ತಹಶೀಲ್ದಾರ ಆಗಬೇಕಾದಾಗ ಪುಸ್ತಕದ ಕನ್ನಡ ತಾನೇ ಹುಡುಕಿಕೊಂಡು ಬರುತ್ತದೆ, ಯಾಕೆಂದರೆ ತಹಶೀಲ್ದಾರ ಹಾಗೆ ಮಾತಾಡುತ್ತಾನೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು.

ನಾನು ಇದನ್ನು ಮಾಡಿ ನೋಡಿದ್ದು ಆಕಸ್ಮಿಕವಾಗಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಆ ವಾರ ನಮ್ಮ ಕಡೆ ಬೇರೆ ಮಾತೇ ಇರಲಿಲ್ಲ. ತುಂಬಿದ ಡ್ಯಾಮು ಕಣ್ಣೆದುರೇ ಖಾಲಿಯಾಗುತ್ತಿದೆ, ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಅಂತ ಮನೆಮನೆಯಲ್ಲೂ ಚಿಂತೆ. ಕ್ಲಾಸಿನಲ್ಲಿ ಪಾಠ ಯಾರ ತಲೆಗೂ ಹೋಗುತ್ತಿರಲಿಲ್ಲ. ಸರಿ, ಪುಸ್ತಕ ಮುಚ್ಚಿ ಅಂದೆ. ಹೆಗಲಿಗೆ ಟವೆಲ್ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, 'ನಾನು ಡ್ಯಾಮಿನ ಇಂಜಿನಿಯರ್, ನಿಮ್ಮ ಪ್ರಶ್ನೆ ಏನಿದ್ದರೂ ಕೇಳಿ' ಅಂದೆ. ಮಾಸ್ತರೇ ಪಾತ್ರದೊಳಗೆ ಹೋಗಿ ಪಾಠ ನಡೆಸುವ ಈ ರೀತಿಯನ್ನು ಇಂಗ್ಲೆಂಡಿನ ನಾಟಕ ಶಿಕ್ಷಕಿ ಡೊರೊಥಿ ಹೀತ್‌ಕೋಟ್ ದಶಕಗಳ ಹಿಂದೆಯೇ ಬೆಳೆಸಿದ್ದರು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಆವತ್ತು ನನಗಿದ್ದದ್ದು ಟವೆಲ್ ಮಾತ್ರ.

ಕ್ಲಾಸನ್ನು ಎರಡು ಭಾಗ ಮಾಡಿದೆ. ಎಡದಂಡೆ ಕಾಲುವೆಯ ಮೇಲ್ಭಾಗದ ರೈತರು ಒಂದು ಕಡೆ, ಅಂದರೆ ನಮ್ಮ ಗಂಗಾವತಿ ಕಡೆಯವರು, ಭತ್ತ ಬೆಳೆಯುವವರು. ಕೊನೆಭಾಗದವರು ಇನ್ನೊಂದು ಕಡೆ, ಮಾನ್ವಿ, ರಾಯಚೂರಿನವರು. ಕಾಲುವೆ ನೀರು ಕೊನೆಭಾಗಕ್ಕೆ ಮುಟ್ಟೋದಿಲ್ಲ ಅನ್ನೋದು ಇಲ್ಲಿ ವರ್ಷವರ್ಷದ ಜಗಳ. ಬೇಕಂತಲೇ ಒಂದು ಚೇಷ್ಟೆ ಮಾಡಿದೆ. ಹೊಲ ಇರುವ ಮನೆಯ ಮಕ್ಕಳನ್ನೆಲ್ಲ ಕೊನೆಭಾಗಕ್ಕೆ ಕಳಿಸಿದೆ.

ಮೊದಲ ಹತ್ತು ನಿಮಿಷ ಬರೀ ನಗು. ಆಮೇಲೆ ಕೂಗಾಟ ಶುರುವಾಯಿತು. ಕೊನೆಭಾಗದ ರೈತನಾಗಿದ್ದ ಒಬ್ಬ ಹುಡುಗ ಬೆಂಚಿನ ಮೇಲೆ ಹತ್ತಿ ನಿಂತು, 'ನೀವು ಕಾಲುವಿಗೆ ಮೋಟರ್ ಇಟ್ಟು ರಾತ್ರಿಯೆಲ್ಲಾ ನೀರ ಎತ್ತತೀರಿ, ನಮಗ ಕುಡಿಯಾಕೂ ಇಲ್ಲ' ಅಂದ. ಅಂದವನೇ ನಿಂತುಬಿಟ್ಟ. ಕೆಳಗಿಳಿದು ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, 'ಸರ, ನಮ್ಮಪ್ಪಾನೂ ಇಟ್ಟಾನ್ರೀ' ಅಂದ. ನಾನು ಏನೂ ಹೇಳಲಿಲ್ಲ. ಹೇಳೋದು ಏನಿತ್ತು?

ಪಿರಿಯಡ್ ಮುಗಿಯುವ ಹೊತ್ತಿಗೆ ಇನ್ನೊಂದು ನಡೆಯಿತು. ಜೂನ್‌ನಿಂದ ಕ್ಲಾಸಿನಲ್ಲಿ ಒಂದು ಮಾತೂ ಆಡದಿದ್ದ ಹುಡುಗಿ ಎದ್ದು ನಿಂತು ಇಂಜಿನಿಯರ್ ಸಾಹೇಬರನ್ನು ಕೇಳಿದಳು: 'ಗೇಟಿನ ಚೈನಿಗೆ ಎಣ್ಣಿ ಹಚ್ಚೋರು ಯಾರ್ರೀ?' ಕನ್ನಡಕ ಮೇಲೇರಿಸಿಕೊಂಡೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸುವ ಕೆಲಸ ಆ ವಾರ ನಡೆಯುತ್ತಿತ್ತಲ್ಲ, ಮಕ್ಕಳು ಪೇಪರಿನಲ್ಲಿ ಅದನ್ನು ದಿನಾ ಓದಿಕೊಂಡು ಬರತೊಡಗಿದರು. ಓದು ಅಂತ ನಾನು ಹೇಳಿರಲಿಲ್ಲ. ಮರುದಿನ ಯಾರು ಇಂಜಿನಿಯರ್ ಆಗಬೇಕು ಅನ್ನುವ ಪೈಪೋಟಿ ಓದಿಸಿತು.

ಇದಕ್ಕೆ ವೇದಿಕೆ ಇರಲಿಲ್ಲ, ಮೇಕಪ್ ಇರಲಿಲ್ಲ, ನೋಡುವವರೂ ಇರಲಿಲ್ಲ. ಖರ್ಚು ಸೊನ್ನೆ. ಮಾತು ಯಾರೂ ಬರೆದುಕೊಟ್ಟದ್ದಲ್ಲ, ಹಾಗಾಗಿ ಬಾಯಿಪಾಠ ಮಾಡುವ ಪ್ರಶ್ನೆಯೇ ಇಲ್ಲ. ಅಮೆರಿಕದ ಹೆಲ್ಗಾ ನೋಯ್ಸ್, ಟೋನಿ ನೋಯ್ಸ್ ದಂಪತಿ ನಟರ ನೆನಪಿನ ಶಕ್ತಿಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಪಳಗಿದ ನಟರು ಸಾಲುಗಳನ್ನು ಉರು ಹೊಡೆಯೋದಿಲ್ಲ, ಈ ಮಾತನ್ನು ಈ ಮನುಷ್ಯ ಯಾಕೆ ಹೇಳುತ್ತಾನೆ, ಯಾರಿಂದ ಏನು ಬೇಕಾಗಿ ಹೇಳುತ್ತಾನೆ ಅಂತ ಕೆದಕುತ್ತಾ ಹೋಗುತ್ತಾರೆ, ಮಾತು ತಾನಾಗಿ ನೆನಪಿನಲ್ಲಿ ಕೂರುತ್ತದೆ ಅನ್ನೋದು ಅವರು ಕಂಡದ್ದು. ಗೈಡು ಉರು ಹೊಡೆಸುವ ನಮ್ಮ ಪದ್ಧತಿಗೆ ಇದು ನೇರ ಉಲ್ಟಾ, ಅಲ್ವಾ?

ಹಾಗಾದರೆ ಯಾಕೆ ನಡೆಯುತ್ತಿಲ್ಲ? ಕಾಗದದಲ್ಲಿ ಎಲ್ಲ ಇದೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲೇ ಸಂಗೀತ, ನೃತ್ಯ, ಚಿತ್ರಕಲೆ, ನಾಟಕ ನಾಲ್ಕೂ ಶಾಲೆಯ ಎಲ್ಲ ಹಂತದಲ್ಲೂ ಇರಬೇಕು ಅಂತ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಅನ್ನುವ ಗೋಡೆಯೇ ಬೇಡ ಅಂದಿತು. ಕರ್ನಾಟಕ ಆ ನೀತಿ ಬಿಟ್ಟು ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ತನ್ನದೇ ಆಯೋಗ ಮಾಡಿತು, 2025ರ ಆಗಸ್ಟ್‌ನಲ್ಲಿ ವರದಿಯೂ ಬಂತು. ನೀತಿ ಯಾವುದೇ ಇರಲಿ, ನನ್ನ ಶಾಲೆಯ ಟೈಮ್‌ಟೇಬಲ್ ಬದಲಾಗಿಲ್ಲ. ಒಂದರಿಂದ ಮೂರನೇ ಕ್ಲಾಸಿನ ತನಕ ನಲಿಕಲಿಯಲ್ಲಿ ಹಾಡುತ್ತಾ, ಆಡುತ್ತಾ, ಅಭಿನಯಿಸುತ್ತಾ ಕಲಿತ ಮಕ್ಕಳು ನಾಲ್ಕಕ್ಕೆ ಬಂದ ಕೂಡಲೇ ಕೈಕಟ್ಟಿ ಕೂರಬೇಕು. ಹೈಸ್ಕೂಲಿನಲ್ಲಿ ನಾಟಕಕ್ಕೇ ಅಂತ ಶಿಕ್ಷಕರಿರುವುದು ರಾಜ್ಯದಲ್ಲಿ ಬೆರಳೆಣಿಕೆಯ ಸರ್ಕಾರಿ ಶಾಲೆಗಳಲ್ಲಿ. ಹೆಗ್ಗೋಡಿನ ನೀನಾಸಂ ರಂಗ ಶಿಕ್ಷಣ ಕೇಂದ್ರ ಶುರುವಾಗಿದ್ದೇ 1980ರಲ್ಲಿ, ಸಾಣೇಹಳ್ಳಿಯಲ್ಲೂ ರಂಗಶಾಲೆ ಇದೆ, ಕಲಬುರಗಿಯಲ್ಲಿ ರಂಗಾಯಣ ಇದೆ. ಕಲಿತು ಹೊರಬಂದ ಹುಡುಗ ಹುಡುಗಿಯರು ಇದ್ದಾರೆ. ಅವರಿಗೆ ಶಾಲೆಯೊಳಗೆ ಕೆಲಸ ಇಲ್ಲ.

ಇನ್ನು ಎಸ್ಸೆಸ್ಸೆಲ್ಸಿ. 2025ರ ಫಲಿತಾಂಶದಲ್ಲಿ ದಕ್ಷಿಣ ಕನ್ನಡ 91.12 ಪರ್ಸೆಂಟ್ ತಗೊಂಡು ಮೊದಲು, ನಮ್ಮ ಭಾಗದ ಕಲಬುರಗಿ 42.43 ತಗೊಂಡು ಕೊನೆ. ಇಡೀ ಕಲ್ಯಾಣ ಕರ್ನಾಟಕದ ಮೇಲೆ ಈ ಪಟ್ಟಿಯ ಭಾರ ಇದೆ. ಡಿಸೆಂಬರ್ ಬಂತೆಂದರೆ ವಿಶೇಷ ತರಗತಿ, ರಾತ್ರಿ ತರಗತಿ, ಪಾಸಾಗೋಕೆ ಬೇಕಾದಷ್ಟನ್ನೇ ಓದಿಸುವ ಪಾಸಿಂಗ್ ಪ್ಯಾಕೇಜ್. ಇದರ ನಡುವೆ ನಾಟಕ ಅಂದರೆ ಮುಖ್ಯೋಪಾಧ್ಯಾಯರು ನಗುತ್ತಾರೆ. ಅವರನ್ನು ನಾನು ಬೈಯೋದಿಲ್ಲ. ಮೇಲಿನಿಂದ ನೋಟಿಸ್ ಬರೋದು ಅವರಿಗೆ, ನನಗಲ್ಲ. ಆದರೆ ಫೇಲಾಗುವ ಮಕ್ಕಳಲ್ಲಿ ಬಹಳ ಜನ ಪ್ರಶ್ನೆಯೇ ಅರ್ಥವಾಗದೆ ಪ್ರಶ್ನೆಯನ್ನೇ ಉತ್ತರ ಪತ್ರಿಕೆಯಲ್ಲಿ ಮತ್ತೆ ಬರೆದು ಬರುವವರು. ಓದಿದ್ದು ತಲೆಯಲ್ಲಿ ಚಿತ್ರವಾಗದೆ ಇರೋದು ಅವರ ತೊಂದರೆ. ಎಂಟನೇ ಕ್ಲಾಸಿನಿಂದ ವಾರಕ್ಕೊಂದು ಪಿರಿಯಡ್ ಕೊಟ್ಟಿದ್ದರೆ ಹತ್ತನೇ ಕ್ಲಾಸಿನ ರಾತ್ರಿ ತರಗತಿ ಅಷ್ಟು ಬೇಕಾಗುತ್ತಿರಲಿಲ್ಲ ಅನ್ನೋದು ನನ್ನ ಅಂದಾಜು. ಅಂದಾಜು ಮಾತ್ರ, ಲೆಕ್ಕ ಹಾಕಿದ್ದಲ್ಲ. ತಿಂಗಳಿಗೊಂದು ಬ್ಯಾಗ್ ಇಲ್ಲದ ಶನಿವಾರ ಇದೆ. ಶುರು ಮಾಡೋಕೆ ಅಷ್ಟು ಸಾಕು. ವಿಜ್ಞಾನ ನಾಟಕ ಸ್ಪರ್ಧೆಯೂ ಇದೆ, ಒಳ್ಳೆಯದೇ, ಆದರೆ ಅದಕ್ಕೆ ಹೋಗೋದು ಶಾಲೆಯ ಏಳೆಂಟು ಚುರುಕು ಮಕ್ಕಳು. ಉಳಿದವರು ಮತ್ತೆ ಚಪ್ಪಾಳೆ ಹೊಡೆಯುವವರೇ.

ಇಷ್ಟಕ್ಕೂ ನಾಟಕ ನಮ್ಮ ನೆಲಕ್ಕೆ ಹೊಸದೇನಲ್ಲ. ಬಳ್ಳಾರಿ ಅಂದರೆ ನಟ ರಾಘವರು (1880-1946), ವೃತ್ತಿಯಲ್ಲಿ ವಕೀಲರು, ಹೆಣ್ಣಿನ ಪಾತ್ರ ಹೆಣ್ಣುಮಕ್ಕಳೇ ಮಾಡಬೇಕು ಅಂತ ಆ ಕಾಲದಲ್ಲೇ ಹಟ ಹಿಡಿದವರು. ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆ ಆಡಿಸಿದರು. ತೊಗಲುಗೊಂಬೆ ಆಡಿಸುವ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಬಂತು. ಹಳ್ಳಿಹಳ್ಳಿಯಲ್ಲಿ ಬಯಲಾಟದ ಮಾಸ್ತರಿದ್ದಾರೆ, ಹಾರ್ಮೋನಿಯಂ ಪೆಟ್ಟಿಗೆ ಇದೆ. ಇವರನ್ನು ಶಾಲೆಗೆ ಕರೆಯೋದು ಎಷ್ಟು ಸುಲಭ ಅನ್ನಿಸುತ್ತದೆ.

ಅಷ್ಟು ಸುಲಭ ಅಲ್ಲ. ನಾನು ಒಮ್ಮೆ ಒಬ್ಬ ಬಯಲಾಟದ ಹಿರಿಯರನ್ನು ಕರೆಸಿದ್ದೆ. ಹಾಡು, ಕುಣಿತ, ಹೆಜ್ಜೆ, ಆಹಾ! ಮಕ್ಕಳು ಕಣ್ಣು ಮಿಟುಕಿಸಲಿಲ್ಲ. ಆದರೆ ಅವರ ತಾಲೀಮು ಅಂದರೆ ಮಾತು ಒಂದಕ್ಷರ ತಪ್ಪಬಾರದು, ತಪ್ಪಿದರೆ ಏಟು. ಅವರು ಕಲಿತದ್ದೂ ಹಾಗೇ. ಬೆಳಗಿನ ತನಕ ಆಟ ನಡೆಸುವ ಕಲೆಗೆ ಆ ಶಿಸ್ತು ಬೇಕು, ಶಾಲೆಯ ಪಿರಿಯಡ್‌ಗೆ ಬೇಡ. ಆಮೇಲೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ತಾಳ, ಹೆಜ್ಜೆ ಅವರು ಕಲಿಸೋದು, ಮಾತು ಮಕ್ಕಳೇ ಕಟ್ಟೋದು. ಹೊಂದಾಣಿಕೆ ಪೂರ್ತಿ ಆಯಿತು ಅಂತ ಹೇಳಲಾರೆ. 'ಇದೆಂಥಾ ಆಟಾರೀ ಸರ, ದಿನಾ ಒಂದೊಂದು ಮಾತು' ಅಂತ ಅವರು ಕೊನೆಯ ತನಕ ಗೊಣಗಿದರು.

ಹೆಣ್ಣುಮಕ್ಕಳ ವಿಷಯ ಬೇರೆಯೇ ಕಥೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ಹಾಡು, ಅಭಿನಯಕ್ಕೆ ತಲೆದೂಗಿದ ಜನರೇ ಮಗಳು ನಾಟಕಕ್ಕೆ ಸೇರುತ್ತೇನೆ ಅಂದರೆ 'ನಾಟಕದಾಕಿ ಆಗ್ತೀಯೇನ' ಅನ್ನುತ್ತಾರೆ. ಒಂಬತ್ತನೇ ಕ್ಲಾಸಿಗೇ ಮದುವೆ ಮಾತು ಶುರುವಾಗುವ ಮನೆಗಳು ಇನ್ನೂ ಇವೆ. ಊರ ಮುಂದೆ ವೇದಿಕೆ ಹತ್ತೋದು ಅಂದರೆ ತಾಯಿ ತಂದೆ ಹಿಂದೆ ಸರಿಯುತ್ತಾರೆ. ಕ್ಲಾಸಿನೊಳಗಿನ ತಾಲೀಮಿಗೆ ಈ ತೊಡಕು ಇಲ್ಲ. ಅದು ಪಾಠ, ಯಾರೂ ಬೇಡ ಅನ್ನೋದಿಲ್ಲ. ಪಾತ್ರ ಹಂಚುವಾಗಲೂ ಮಾಸ್ತರು ಎಚ್ಚರ ಇರಬೇಕು. ರಾಜ ಯಾವಾಗಲೂ ಅದೇ ಓಣಿಯವನು, ಕಸ ಗುಡಿಸುವವನು ಯಾವಾಗಲೂ ಇನ್ನೊಂದು ಓಣಿಯವನು ಆದರೆ ನಾಟಕ ಊರಿನ ರೋಗವನ್ನೇ ಮಕ್ಕಳಿಗೆ ಗಟ್ಟಿ ಮಾಡಿಸುತ್ತದೆ. ನನ್ನ ದ್ವಾರಪಾಲಕನ ಹೊಟ್ಟೆಕಿಚ್ಚು ಬಿಡಿ, ಇದು ಅದಕ್ಕಿಂತ ದೊಡ್ಡದು.

ಪ್ರದರ್ಶನವೇ ಬೇಡ ಅಂತ ನಾನು ಹೇಳುತ್ತಿಲ್ಲ. ನೋಡೋದರಿಂದಲೂ ಗುಣ ಇದೆ. ಅಮೆರಿಕದಲ್ಲಿ ಜೇ ಗ್ರೀನ್ ಮತ್ತು ಜೊತೆಯವರು ಲಾಟರಿ ಹಾಕಿ ಕೆಲವು ಶಾಲಾ ಮಕ್ಕಳನ್ನು ರಂಗಮಂದಿರಕ್ಕೆ ನಾಟಕ ನೋಡೋಕೆ ಕಳಿಸಿದರು, ಕೆಲವರಿಗೆ ಅದೇ ಕಥೆಯ ಸಿನಿಮಾ ತೋರಿಸಿದರು. ಎದುರಿಗೆ ನಾಟಕ ನೋಡಿದವರಿಗೆ ಕಥೆಯೂ ಚೆನ್ನಾಗಿ ನೆನಪಿತ್ತು, ತಮಗಿಂತ ಬೇರೆ ಥರ ಯೋಚಿಸುವವರ ಬಗ್ಗೆ ಸಹನೆಯೂ ಜಾಸ್ತಿ ಇತ್ತು. ರಾಯಚೂರಿನಲ್ಲಿ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರ ಇದೆ, ಬಳ್ಳಾರಿಯಲ್ಲಿ ರಾಘವ ಕಲಾಮಂದಿರ, ಜೋಳದರಾಶಿ ದೊಡ್ಡನಗೌಡ ರಂಗಮಂದಿರ ಇವೆ. ವರ್ಷಕ್ಕೊಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗೋದಕ್ಕೆ ಒಂದು ಬಸ್ಸು ಬೇಕು, ಅಷ್ಟೇ.

ಗೇಟಿನ ನಾಟಕದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ವರ್ಷದ ಗ್ಯಾದರಿಂಗ್‌ನಲ್ಲಿ ಅದನ್ನೇ ಆಡುತ್ತೇವೆ ಅಂತ ಮಕ್ಕಳು ಹಟ ಹಿಡಿದರು. ಎರಡು ಡ್ಯಾನ್ಸಿನ ನಡುವೆ, ಡ್ರೆಸ್ ಬದಲಾಯಿಸುವ ಹೊತ್ತಿನಲ್ಲಿ, ಐದು ನಿಮಿಷ ಸಿಕ್ಕಿತು. ಮೈಕು ಒಂದೇ. ಚೈನಿಗೆ ಎಣ್ಣೆ ಕೇಳಿದ ಹುಡುಗಿಯೇ ಈಗ ಇಂಜಿನಿಯರ್, ನನ್ನದೇ ಕನ್ನಡಕ ಹಾಕಿಕೊಂಡಿದ್ದಳು. ಜಗಳ ಜೋರಾಗುತ್ತಿದ್ದಂತೆ ಕೆಳಗೆ ಕೂತಿದ್ದ ರೈತರೊಬ್ಬರು ಇದು ನಾಟಕ ಅನ್ನೋದನ್ನೇ ಮರೆತು ಎದ್ದು ನಿಂತರು. 'ಗೇಟ ಇರ್ಲಿ, ಮೊದಲ ನಮ್ಮ ಕಾಲುವಿ ಹೂಳ ತೆಗಸ್ರಿ' ಅಂತ ಕೂಗಿದರು. ಇದು ತಾಲೀಮಿನಲ್ಲಿ ಇರಲಿಲ್ಲ. ಪರದೆ ಹಿಂದೆ ನಾನು ಬೆವತೆ. ಹುಡುಗಿ ಕನ್ನಡಕ ಮೂಗಿನ ತುದಿಗೆ ಇಳಿಸಿ, ಅವರನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಮೈಕಿನಲ್ಲಿ ಹೇಳಿದಳು:

'ಅರ್ಜಿ ಕೊಟ್ಟೀರೇನು? ನಾಳೆ ಬರ್ರಿ, ಇವತ್ತ ಸಾಹೇಬ್ರು ಮೀಟಿಂಗಿನ್ಯಾಗ ಅದಾರ.'